ಓದುಗರ ಪ್ರಶ್ನೆ: ಚಿಕ್ಕ ಕೋಣೆಗೆ ಎಂಥ ಸ್ಪೀಕರ್ ಸಾಕು?

ಕಂಪ್ಯೂಟರಿಗೆ ಜೋಡಿಸುವ ಸ್ಪೀಕರ್‌ಗಳನ್ನು ಕುರಿತು ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಕೋಣೆ ಚಿಕ್ಕದು, ಕೈಯಲ್ಲಿರುವ ಹಣ ಅದಕ್ಕಿಂತ ಚಿಕ್ಕದು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳು ಮಾತ್ರ ಬಲು ದೊಡ್ಡವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ನನ್ನ ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಗೋಡೆಗೆ ತಾಗಿಸಿದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠಗಳನ್ನು ಕೇಳುತ್ತೇನೆ, ಸಂಜೆ ಹಾಡು, ವಾರಕ್ಕೊಂದು ಸಿನಿಮಾ. ಅಂಗಡಿಯಲ್ಲಿ ಮೂರು ಬಗೆಯವನ್ನು ತೋರಿಸಿದರು: ಯುಎಸ್‌ಬಿ ವಿದ್ಯುತ್ತಿನಲ್ಲೇ ನಡೆಯುವ ಪುಟ್ಟ ಜೋಡಿ, ಎರಡು ಸ್ಪೀಕರ್ ಜೊತೆಗೆ ಮಂದ್ರಸ್ವರಗಳಿಗೆಂದೇ ಸಬ್‌ವೂಫರ್ ಎಂಬ ಪೆಟ್ಟಿಗೆಯಿರುವ 2.1 ಸೆಟ್, ಮಾನಿಟರಿನ ಕೆಳಗೆ ಇಡುವ ಸೌಂಡ್‌ಬಾರ್. 2.1 ಸೆಟ್ಟಿನ ಮೇಲೆ ಸಾವಿರಾರು ವಾಟ್ ಎಂದು ಬರೆದಿತ್ತು. ನಾನು ಕೂಡಿಟ್ಟಿರುವ ಹಣಕ್ಕೆ ಮೂರರಲ್ಲಿ ಯಾವುದಾದರೂ ಒಂದು ಬರುತ್ತದೆ. ಯಾವುದನ್ನು ಕೊಳ್ಳಲಿ?
— ಒಬ್ಬ ಪದವಿ ವಿದ್ಯಾರ್ಥಿ

ಉತ್ತರ: ನಿಮಗೆ ತೋರಿಸದೆ ಬಿಟ್ಟ ನಾಲ್ಕನೆಯ ಬಗೆಯೊಂದಿದೆ, ನಮ್ಮ ಸಲಹೆ ಅದೇ. ಗೋಡೆಯ ಸಾಕೆಟ್ಟಿನಿಂದ ವಿದ್ಯುತ್ ಪಡೆಯುವ, ಒಳಗೇ ಆಂಪ್ಲಿಫೈಯರ್ ಇರುವ, ಸಬ್‌ವೂಫರ್ ಇಲ್ಲದ ಎರಡು ಪೆಟ್ಟಿಗೆಗಳ ಜೋಡಿ, ಅಂದರೆ 2.0 ಸೆಟ್. ಪ್ರತಿ ಪೆಟ್ಟಿಗೆಯಲ್ಲಿ ಮೂರರಿಂದ ನಾಲ್ಕು ಅಂಗುಲದ ಒಂದು ಕೋನ್ (ಅದುರಿ ಶಬ್ದ ಹುಟ್ಟಿಸುವ ಬಟ್ಟಲು), ಅದರ ಮೇಲೆ ತಾರಸ್ವರಗಳಿಗಾಗಿ ಒಂದು ಪುಟ್ಟ ಟ್ವೀಟರ್ ಇರುವಂಥದ್ದು ನಿಮ್ಮ ಹಣಕ್ಕೆ ಸಿಗುವುದಾದರೆ ಬೇರೇನನ್ನೂ ನೋಡಬೇಕಾಗಿಲ್ಲ. ಟ್ವೀಟರಿನವರೆಗೆ ಹಣ ಏರದಿದ್ದರೆ ಒಂದೇ ಕೋನ್ ಇರುವ ಜೋಡಿಯೂ ಆದೀತು, ಆದರೆ ಅದೂ ಗೋಡೆಯ ವಿದ್ಯುತ್ತಿನದೇ ಆಗಿರಲಿ.

ಮೊದಲು ಆ ಸಾವಿರಾರು ವಾಟ್‌ಗಳ ವಿಚಾರವನ್ನು ಮುಗಿಸಿಬಿಡೋಣ. ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡಿದರೆ ಆ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಪಿಎಂಪಿಒ ಎಂದಿರುವುದು ಕಂಡೀತು. ಇದನ್ನು ಅಳೆಯುವುದಕ್ಕೆ ಒಪ್ಪಿತವಾದ ಒಂದು ಕ್ರಮವೇ ಇಲ್ಲ. ತಯಾರಿಸಿದವರು ಹೇಳಿದ್ದೇ ಅಂಕಿ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದಿರುವ ವಾಟ್, ಎಂದರೆ ಸ್ಪೀಕರ್ ಬಿಡುವಿಲ್ಲದೆ ಕೊಡಬಲ್ಲ ಶಕ್ತಿ. ಅಗ್ಗದ ಸೆಟ್‌ಗಳಲ್ಲಿ ಈ ಅಂಕಿಯನ್ನೂ ಶೇಕಡಾ 10ರಷ್ಟು ವಿರೂಪ ಬರುವ ಮಟ್ಟಕ್ಕೆ ಏರಿಸಿ ಅಳೆದಿರುವುದು ಸಾಮಾನ್ಯ. ಶೇಕಡಾ 10 ವಿರೂಪವೆಂದರೆ ಹಾಡು ಒಡೆದು ಕೇಳಿಸುವ ಸ್ಥಿತಿ. ಹಾಗಾಗಿ ಅಲ್ಲಿ ಬರೆದ 20 ವಾಟ್‌ನಲ್ಲಿ ನಿಮ್ಮ ಉಪಯೋಗಕ್ಕೆ ಬರುವುದು ಎಲ್ಲವೂ ಅಲ್ಲ ಎಂದು ತಿಳಿದಿರಬೇಕು.

ಹಾಗೆಂದು ಕಳವಳಪಡಬೇಕಾಗಿಯೂ ಇಲ್ಲ, ಏಕೆಂದರೆ ನಿಮಗೆ ಬೇಕಾದ ವಾಟ್ ನೀವು ಊಹಿಸಿದ್ದಕ್ಕಿಂತ ಎಷ್ಟೋ ಕಡಿಮೆ. ಒಂದು ಲೆಕ್ಕ ಮಾಡಿ ನೋಡೋಣ. ಚಿಕ್ಕ ಸ್ಪೀಕರ್ ಒಂದಕ್ಕೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 82 ಡೆಸಿಬಲ್ ಶಬ್ದ ಬರುತ್ತದೆ ಎಂದಿಟ್ಟುಕೊಳ್ಳಿ. ಮೇಜಿನ ಮುಂದೆ ಕುಳಿತವರ ಕಿವಿಗೂ ಸ್ಪೀಕರಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಮನಸ್ಸಿಟ್ಟು ಹಾಡು ಕೇಳುವುದಕ್ಕೆ 70 ಡೆಸಿಬಲ್ ಧಾರಾಳವಾಯಿತು. ಮೂರು ಡೆಸಿಬಲ್ ಇಳಿಸಿದಾಗಲೆಲ್ಲ ಬೇಕಾಗುವ ವಿದ್ಯುತ್ತು ಅರ್ಧಕ್ಕೆ ಇಳಿಯುತ್ತದೆ. 82ರಿಂದ 70ಕ್ಕೆ ಬರುವಾಗ ನಾಲ್ಕು ಸಲ ಅರ್ಧವಾಗಿ ಹದಿನಾರನೇ ಒಂದು ವಾಟ್ ಉಳಿಯಿತು. ತಾಳವಾದ್ಯದ ಪೆಟ್ಟು, ಸಿನಿಮಾದ ಸ್ಫೋಟ ಇವೆಲ್ಲ ಕ್ಷಣಕಾಲ 20 ಡೆಸಿಬಲ್ ಮೇಲೆ ಜಿಗಿಯುತ್ತವೆ ಎಂದರೂ, ಅದಕ್ಕೆ ನೂರು ಪಟ್ಟು, ಅಂದರೆ ಆರೂಕಾಲು ವಾಟ್ ಸಾಕು. ಪ್ರತಿ ಪೆಟ್ಟಿಗೆಗೆ 10 ಪ್ರಾಮಾಣಿಕ ವಾಟ್ ಇದ್ದರೆ ನಿಮ್ಮ ಕೋಣೆ ತುಂಬಿ ಹೊರಗೂ ಚೆಲ್ಲುತ್ತದೆ. 20ರ ಬದಲು 40 ವಾಟ್‌ನದನ್ನು ಕೊಂಡರೆ ಸಿಗುವ ಹೆಚ್ಚಳ ಮೂರೇ ಡೆಸಿಬಲ್. ಅಕ್ಕಪಕ್ಕ ಇಟ್ಟು ಹೋಲಿಸಿದರೆ ಗೊತ್ತಾಗುವಷ್ಟು, ಅಷ್ಟೇ. ದೊಡ್ಡ ಹಜಾರದಲ್ಲಿ ದೂರ ಕುಳಿತು ಕೇಳುವವರ ಕಥೆ ಬೇರೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬಲ್ ನಷ್ಟ, ನಾಲ್ಕು ಪಟ್ಟಾದರೆ 12 ಡೆಸಿಬಲ್. ಅದನ್ನು ತುಂಬಲು ಹದಿನಾರು ಪಟ್ಟು ವಿದ್ಯುತ್ತು ಬೇಕು. ಕೋಣೆಯೊಳಗೆ ಗೋಡೆಗಳು ಶಬ್ದವನ್ನು ಮರಳಿಸುವುದರಿಂದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ. ಹತ್ತಿರ ಕೂರುವುದು ನಿಮಗೆ ಬಿಟ್ಟಿ ಸಿಕ್ಕಿರುವ ಆಂಪ್ಲಿಫೈಯರ್ ಎಂದು ತಿಳಿಯಿರಿ.

ಯುಎಸ್‌ಬಿ ಜೋಡಿಯನ್ನು ನಾವು ಬದಿಗಿಟ್ಟ ಕಾರಣವೂ ಇದೇ ಲೆಕ್ಕದಲ್ಲಿದೆ. ಸಾಧಾರಣ ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಒಟ್ಟು ಎರಡೂವರೆ ವಾಟ್. ಒಳಗೆ ಹೋಗುವುದೇ ಎರಡೂವರೆ ವಾಟ್ ಆಗಿರುವಾಗ ಹೊರಗೆ ಹತ್ತು ವಾಟ್ ಹೇಗೆ ಬಂದೀತು? ಪಾಠ ಕೇಳುವುದಕ್ಕೆ ಅದು ಸಾಲುತ್ತದೆ, ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗಿಂತ ಮೇಲು ಎಂಬುದೂ ನಿಜ. ಆದರೆ ಹಾಡಿನ ಮಂದ್ರ ಸ್ವರಗಳು ಬಂದಾಗ ಅದರ ಏದುಸಿರು ಕೇಳಿಸುತ್ತದೆ.

ಸೌಂಡ್‌ಬಾರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಡ ಬಲಗಳನ್ನು ಬೇರ್ಪಡಿಸಿ ಎದುರಿಗೆ ಒಂದು ವಿಶಾಲ ರಂಗವನ್ನು ಕಟ್ಟುವ ಸ್ಟೀರಿಯೊ ಕಲ್ಪನೆಗೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಅದು ಫಲಿಸಬೇಕಾದರೆ ಎರಡು ಸ್ಪೀಕರ್‌ಗಳ ನಡುವೆ ಅಂತರವಿರಬೇಕು. ಮೊಳದುದ್ದದ ಕೊಳವೆಯೊಂದರಲ್ಲಿ ಎರಡನ್ನೂ ಹುದುಗಿಸಿಟ್ಟರೆ ಹಾಡುಗಾರರೂ ವಾದ್ಯಗಳೂ ಒಂದೇ ಬಾಗಿಲಲ್ಲಿ ಇಣುಕಿದಂತೆ ಕೇಳಿಸುತ್ತದೆ. ಮೇಜಿನಲ್ಲಿ ಜಾಗವೇ ಇಲ್ಲದವರಿಗೆ ಅದು ಅನಿವಾರ್ಯವಾದೀತು, ನಿಮಗೆ ಅಲ್ಲ.

ಉಳಿದದ್ದು 2.1. ಇದು ಹೆಚ್ಚು ಮಂದಿ ಮರುಳಾಗುವ ಜಾಗ, ನಾನೂ ಹೊರತಲ್ಲ. ಕೋನ್ ಒಂದಕ್ಕೆ ತಂತಿಯ ಸುರುಳಿ ಕಟ್ಟಿ ಅಯಸ್ಕಾಂತದ ನಡುವೆ ಆಡಿಸುವ ಸ್ಪೀಕರ್ ವಿನ್ಯಾಸವನ್ನು ಅಮೆರಿಕದ ಎಂಜಿನಿಯರುಗಳಾದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಇಂದಿನ ಸ್ಪೀಕರ್‌ಗಳಲ್ಲಿ ಬಹುಪಾಲು ಅದೇ ತತ್ತ್ವದವು. ಕೆಳಸ್ವರವೆಂದರೆ ಗಾಳಿಯನ್ನು ಹೆಚ್ಚು ತಳ್ಳುವ ಕೆಲಸ. ಕಂಪನಾಂಕ ಅರ್ಧಕ್ಕೆ ಇಳಿದರೆ ಅಷ್ಟೇ ಶಬ್ದಕ್ಕೆ ಕೋನ್ ನಾಲ್ಕು ಪಟ್ಟು ದೂರ ಮುಂದೆ ಹಿಂದೆ ಓಡಾಡಬೇಕು. ಹಾಗಾಗಿ ಮೂರು ಅಂಗುಲದ ಕೋನ್ 100 ಹರ್ಟ್ಜ್‌ಗಿಂತ (ಸೆಕೆಂಡಿಗೆ ನೂರು ಕಂಪನಕ್ಕಿಂತ) ಕೆಳಗೆ ಬಹುಮಟ್ಟಿಗೆ ಕೈಚೆಲ್ಲುತ್ತದೆ. ಪೆಟ್ಟಿಗೆಯ ಮೇಲೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್ ಎಂದು ಬರೆದಿದ್ದರೆ ಅದು ಮನುಷ್ಯನ ಕಿವಿಯ ವ್ಯಾಪ್ತಿಯೇ ಹೊರತು ಆ ಸ್ಪೀಕರಿನದಲ್ಲ. ಸಬ್‌ವೂಫರ್ ಈ ಕೊರತೆಯನ್ನು ತುಂಬುತ್ತದೆ ಎಂಬುದು ವಾದ, ಒಳ್ಳೆಯ ಸೆಟ್‌ಗಳಲ್ಲಿ ಅದು ನಿಜವೂ ಹೌದು. ಆದರೆ ಒಂದೇ ಮೊತ್ತದ ಹಣದಲ್ಲಿ ಎರಡರ ಬದಲು ಮೂರು ಪೆಟ್ಟಿಗೆ ಮಾಡಬೇಕಾದಾಗ ತಯಾರಕರು ಎಲ್ಲಿ ಉಳಿಸುತ್ತಾರೆ? ಪಕ್ಕದ ಎರಡು ಪೆಟ್ಟಿಗೆಗಳಲ್ಲಿ. ಅವು ಎರಡು ಅಂಗುಲದ ಕೋನ್‌ಗಳಿಗೆ ಇಳಿಯುತ್ತವೆ, 200 ಹರ್ಟ್ಜ್‌ವರೆಗಿನ ಕೆಲಸವೆಲ್ಲ ನೆಲದ ಮೇಲಿನ ಡಬ್ಬಕ್ಕೆ ಬೀಳುತ್ತದೆ. ಗಂಡಸಿನ ಮಾತಿನ ಮೂಲಸ್ವರ ಇರುವುದು ಹೆಚ್ಚಾಗಿ 85ರಿಂದ 180 ಹರ್ಟ್ಜ್ ನಡುವೆ. ಅಂದರೆ ಪಾಠ ಹೇಳುವವರ ಅರ್ಧ ದನಿ ಮಾನಿಟರಿನ ಅಕ್ಕಪಕ್ಕದಿಂದ, ಇನ್ನರ್ಧ ನಿಮ್ಮ ಕಾಲಿನ ಬಳಿಯಿಂದ ಬರುತ್ತದೆ. ಹಾಡಿನಲ್ಲಿ ಇದು ಬೇಗ ತಿಳಿಯುವುದಿಲ್ಲ. ಒಂದು ಗಂಟೆಯ ಪಾಠ ಕೇಳಿ ನೋಡಿ, ತಲೆ ಭಾರವಾಗುತ್ತದೆ.

ಅಂಗಡಿಗೆ ಮತ್ತೊಮ್ಮೆ ಹೋಗುವಾಗ ನಿಮ್ಮ ಫೋನಿನಲ್ಲಿ ನಿಮಗೆ ಬಾಯಿಪಾಠವಾಗಿರುವ ಎರಡು ಹಾಡು ಮತ್ತು ಯಾರಾದರೂ ಸುದ್ದಿ ಓದಿದ ಎರಡು ನಿಮಿಷದ ತುಣುಕನ್ನು ಇಟ್ಟುಕೊಳ್ಳಿ. ಅಂಗಡಿಯವರು ಹಾಕುವ ಹಾಡು ಬೇಡ. ಅದನ್ನು ಆರಿಸಿರುವುದು ಆ ಸ್ಪೀಕರಿನ ದೋಷ ಮುಚ್ಚುವಂತೆ. ಮೊದಲು ಸುದ್ದಿ ಕೇಳಿ. ಮೂಗಿನಿಂದ ಬಂದಂತೆ, ಡಬ್ಬದೊಳಗಿಂದ ಬಂದಂತೆ ಅನ್ನಿಸಿದರೆ ಮುಂದಿನದನ್ನು ಕೇಳುವ ಅಗತ್ಯವೇ ಇಲ್ಲ. ಎರಡು ಸೆಟ್‌ಗಳನ್ನು ಹೋಲಿಸುವಾಗ ಎರಡೂ ಒಂದೇ ಜೋರಿನಲ್ಲಿರಲಿ. ಶಬ್ದ ತಗ್ಗಿದಂತೆಲ್ಲ ಕಿವಿ ಮಂದ್ರಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರಾಗಿರುವುದು ತುಂಬಿದಂತೆ ಕೇಳಿಸುವುದು ಈ ಕಾರಣಕ್ಕೇ, ಮತ್ತು ಮಾರುವವರ ಕೈ ವಾಲ್ಯೂಮಿನ ಗುಬುಟಿಯನ್ನು ಬಲಕ್ಕೇ ತಿರುಗಿಸುವುದೂ ಇದೇ ಕಾರಣಕ್ಕೆ.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದಿಲ್ಲ. ಗುಬುಟಿಯನ್ನು ಸೊನ್ನೆಯಿಂದ ನಿಧಾನವಾಗಿ, ಕೂದಲೆಳೆಯಷ್ಟು ಮಾತ್ರ ಏರಿಸಿ. ಅಗ್ಗದ ಗುಬುಟಿಗಳಲ್ಲಿ ಈ ಮೊದಲ ಸುತ್ತಿನಲ್ಲಿ ಒಂದು ಬದಿಯ ಸ್ಪೀಕರ್ ಮಾತ್ರ ಕೇಳಿಸಿ ಇನ್ನೊಂದು ಮೂಕವಾಗಿರುತ್ತದೆ, ಅಥವಾ ಕರಕರ ಎನ್ನುತ್ತದೆ. ದೊಡ್ಡ ಕೋಣೆಯವರು ಆ ಜಾಗವನ್ನು ದಾಟಿ ಹೋಗುತ್ತಾರೆ. ಚಿಕ್ಕ ಕೋಣೆಯಲ್ಲಿ ರಾತ್ರಿ ಹೊತ್ತು ಕೇಳುವ ನೀವು ವರ್ಷಗಟ್ಟಲೆ ಗುಬುಟಿಯನ್ನು ಇಡುವುದು ಅಲ್ಲಿಯೇ. ಹಾಗೆಯೇ ಯಾವ ಹಾಡೂ ಹಾಕದೆ ಕಿವಿಯನ್ನು ಸ್ಪೀಕರಿನ ಒಂದು ಗೇಣು ದೂರಕ್ಕೆ ತಂದು ಸುಯ್ ಎಂಬ ಸದ್ದು ಎಷ್ಟಿದೆ ಎಂದು ಕೇಳಿ. ಪೆಟ್ಟಿಗೆಯ ಪಕ್ಕವನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳಾಗಿ ಡಬ್ ಎಂದರೆ ಆ ಡಬ್ ಪ್ರತಿ ಹಾಡಿನಲ್ಲೂ ಇರುತ್ತದೆ. ಗುಬುಟಿ ಮತ್ತು ಹೆಡ್‌ಫೋನ್ ಕಿಂಡಿ ಮುಂಭಾಗದಲ್ಲಿವೆಯೇ, ಎರಡು ಪೆಟ್ಟಿಗೆಗಳ ನಡುವಿನ ವೈರು ನಿಮ್ಮ ಮೇಜಿನ ಅಗಲಕ್ಕೆ ಎಟುಕುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಮನೆಗೆ ತಂದ ಮೇಲೆ ಮುಕ್ಕಾಲು ಪಾಲು ಕೆಲಸ ಇಡುವುದರಲ್ಲಿದೆ. ಎರಡು ಸ್ಪೀಕರ್‌ಗಳ ನಡುವಿನ ಅಂತರವೂ, ಪ್ರತಿಯೊಂದರಿಂದ ನಿಮ್ಮ ತಲೆಗಿರುವ ಅಂತರವೂ ಒಂದೇ ಆಗಿ, ಸಮಬಾಹು ತ್ರಿಕೋನದಂತೆ ಇರಲಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಮೇಜಿನ ಮೇಲೆ ನೇರವಾಗಿ ಇಟ್ಟರೆ ಅದು ನಿಮ್ಮ ಎದೆಗೆ ಹಾಡುತ್ತದೆ. ಎರಡು ದಪ್ಪ ಪುಸ್ತಕಗಳ ಮೇಲೆ ಗಟ್ಟಿ ಸ್ಪಂಜಿನ ತುಂಡನ್ನು ಹಾಕಿ ಇಟ್ಟರೆ ಎತ್ತರವೂ ಬಂತು, ಮೇಜು ತಾನೂ ಸೇರಿ ನಡುಗುವುದೂ ನಿಂತಿತು. ಗೋಡೆಗೆ ಹತ್ತಿರವಾದಷ್ಟೂ ಮಂದ್ರ ಏರುತ್ತದೆ, ಮೂಲೆಯಲ್ಲಿ ಇನ್ನಷ್ಟು. ನಿಮ್ಮ ಮೇಜು ಗೋಡೆಗೇ ತಾಗಿರುವುದರಿಂದ ಈ ಏರಿಕೆ ತಪ್ಪದು, ಆದರೆ ಅದು ಚಿಕ್ಕ ಕೋನ್‌ಗೆ ವರವೇ. ಮಾತು ಮಬ್ಬಾಗುವಷ್ಟು ಹೆಚ್ಚಾದರೆ ಬಾಸ್ ಇಳಿಸಿ. ಸ್ಪೀಕರಿನಲ್ಲಿ ಆ ಸೌಲಭ್ಯವಿಲ್ಲದಿದ್ದರೆ ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಎಂಬ, ಮಂದ್ರ ತಾರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಉಚಿತ ತಂತ್ರಾಂಶದಿಂದ ಇಳಿಸಬಹುದು. ಹೆಚ್ಚಾದದ್ದನ್ನು ಇಳಿಸುವುದು ಸುಲಭ. ಇಲ್ಲದ ಮಂದ್ರವನ್ನು ತಂತ್ರಾಂಶದಿಂದ ಏರಿಸಹೋದರೆ ಕೋನ್ ಹರಿಯುತ್ತದೆಯೇ ಹೊರತು ಸ್ವರ ಬರುವುದಿಲ್ಲ.

ಕೊನೆಗೆ ಒಂದು ಕನ್ನಡಿ ಬೇಕು. ನೀವು ಕುರ್ಚಿಯಲ್ಲಿ ಕುಳಿತುಕೊಂಡು, ಗೆಳೆಯರೊಬ್ಬರಿಂದ ಪಕ್ಕದ ಗೋಡೆಯುದ್ದಕ್ಕೂ ಕಿವಿಯೆತ್ತರದಲ್ಲಿ ಕನ್ನಡಿಯನ್ನು ಜರುಗಿಸಿ. ಕನ್ನಡಿಯಲ್ಲಿ ಸ್ಪೀಕರಿನ ಮುಖ ಕಾಣುವ ಜಾಗದಿಂದಲೇ ಶಬ್ದ ಮೊದಲು ಚಿಮ್ಮಿ ನಿಮ್ಮ ಕಿವಿಗೆ ಬರುವುದು. ಅಲ್ಲಿ ದಪ್ಪ ಪರದೆಯನ್ನೋ ಪುಸ್ತಕ ತುಂಬಿದ ಕಪಾಟನ್ನೋ ತಂದರೆ ಆಗುವ ಸುಧಾರಣೆ ಕೇಳಿದೊಡನೆ ತಿಳಿಯುತ್ತದೆ.

ಪ್ರಶ್ನೆ: ಕಳೆದ ವರ್ಷ 2.1 ಸೆಟ್ ಕೊಂಡೆ. ಸಬ್‌ವೂಫರ್ ಮೇಜಿನ ಕೆಳಗಿನ ಮೂಲೆಯಲ್ಲಿದೆ. ವಿಚಿತ್ರವೆಂದರೆ ನಾನು ಕೂರುವಲ್ಲಿ ಬಾಸ್ ತೀರ ಕಡಿಮೆ, ಮಂಚದ ಮೇಲೆ ಮಲಗಿದರೆ ಎದೆ ಗುದ್ದುವಷ್ಟು. ಪಕ್ಕದ ಮನೆಯವರು ಬಂದು ಎರಡು ಸಲ ಹೇಳಿ ಹೋಗಿದ್ದಾರೆ. ಸೆಟ್ ಕೆಟ್ಟಿದೆಯೇ?
— ಮನೆಯಿಂದಲೇ ಕೆಲಸ ಮಾಡುವವರು

ಉತ್ತರ: ಸೆಟ್ ಕೆಟ್ಟಿಲ್ಲ, ನಿಮ್ಮ ಕೋಣೆ ತಾನೂ ವಾದ್ಯವಾಗಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಏಳು ಮೀಟರಿಗೆ ಹತ್ತಿರ; ಅದು ಚಿಕ್ಕ ಕೋಣೆಯಲ್ಲಿ ಕಾಲು ಚಾಚುವುದಕ್ಕೇ ಜಾಗವಿಲ್ಲ. ಎದುರುಬದುರಿನ ಗೋಡೆಗಳ ಅಂತರ ಅರ್ಧ ಅಲೆಗೆ ಸಮವಾದಾಗ ಹೋಗುವ ಅಲೆ, ಮರಳುವ ಅಲೆ ಒಂದರ ಮೇಲೊಂದು ಬಿದ್ದು ನಿಂತಲ್ಲೇ ನಿಲ್ಲುತ್ತವೆ. ಗೋಡೆಗಳ ಬಳಿ ಒತ್ತಡ ಹೆಚ್ಚಿ ಸದ್ದು ಗುಮ್ಮೆನ್ನುತ್ತದೆ, ನಟ್ಟನಡುವೆ ಬಹುತೇಕ ಅಡಗುತ್ತದೆ. ಹತ್ತಡಿ ಅಂತರದ ಗೋಡೆಗಳ ನಡುವೆ ಇದು 56 ಹರ್ಟ್ಜ್‌ನಲ್ಲೂ, ಹನ್ನೆರಡು ಅಡಿಯಲ್ಲಿ 47 ಹರ್ಟ್ಜ್‌ನಲ್ಲೂ ಆಗುತ್ತದೆ. ನಿಮ್ಮ ಮಂಚ ಗೋಡೆಗೆ ತಾಗಿದೆ, ಕುರ್ಚಿ ಕೋಣೆಯ ನಡುಭಾಗಕ್ಕೆ ಸರಿದಿದೆ ಎಂದು ಪತ್ರ ಓದಿಯೇ ಊಹಿಸಬಹುದು.

ಇದಕ್ಕೆ ಒಂದು ಹಳೆಯ ಉಪಾಯವಿದೆ, ಮಾಡುವಾಗ ಯಾರೂ ನೋಡದಿದ್ದರೆ ಒಳ್ಳೆಯದು. ಸಬ್‌ವೂಫರ್ ಅನ್ನು ಎತ್ತಿ ನೀವು ಕೂರುವ ಕುರ್ಚಿಯ ಮೇಲೆ ಇಡಿ. ಬಾಸ್ ವಾದ್ಯದ ನಡೆ ಏರಿಳಿಯುತ್ತ ಸಾಗುವ ಹಾಡೊಂದನ್ನು ಹಾಕಿ. ಆಮೇಲೆ ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಸಾಗುತ್ತ, ಎಲ್ಲಿ ಪ್ರತಿ ಸ್ವರವೂ ಬೇರೆ ಬೇರೆಯಾಗಿ, ಸಮನಾಗಿ ಕೇಳುತ್ತದೆಯೋ ಆ ಜಾಗವನ್ನು ಗುರುತಿಸಿಕೊಳ್ಳಿ. ಸಬ್‌ವೂಫರಿನ ಜಾಗ ಅದೇ. ಕೇಳುವವರೂ ಕೇಳಿಸುವ ಡಬ್ಬವೂ ಸ್ಥಾನ ಬದಲಿಸಿಕೊಂಡರೆ ಕೋಣೆಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ಈ ಉಪಾಯದ ಮರ್ಮ. ಅದಾದ ಮೇಲೆ ಕುರ್ಚಿಯನ್ನೂ ಒಂದಡಿ ಹಿಂದೆ ಮುಂದೆ ಸರಿಸಿ ನೋಡಿ.

ನೆರೆಯವರ ವಿಷಯ ಇಷ್ಟು ಸುಲಭವಲ್ಲ. ತಾರಸ್ವರಗಳನ್ನು ಗೋಡೆ ತಡೆಯುತ್ತದೆ, ಮಂದ್ರವನ್ನು ಸಾಧಾರಣ ಗೋಡೆ ತಡೆಯಲಾರದು. ನಿಮ್ಮ ಹಾಡಿನಲ್ಲಿ ಅವರಿಗೆ ತಲುಪುವುದು ಹಾಡಲ್ಲ, ಬರಿಯ ಗುದ್ದು. ಗೋಡೆಗೆ ಅಂಟಿಸುವ ಒಂದಂಗುಲದ ಸ್ಪಂಜಿನ ಹಾಳೆಗಳಿಂದ ಇದು ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವು ಕೋಣೆಯೊಳಗಿನ ತಾರಸ್ವರಗಳ ಪ್ರತಿಧ್ವನಿಯನ್ನು ತಗ್ಗಿಸುತ್ತವೆ, ಅಷ್ಟಕ್ಕೆ ಅವುಗಳ ಕೆಲಸ ಮುಗಿಯಿತು. ಡಬ್ಬದ ಕೆಳಗೆ ದಪ್ಪ ರಬ್ಬರನ್ನೋ ಒತ್ತಾದ ಸ್ಪಂಜನ್ನೋ ಇಟ್ಟರೆ ನೆಲದ ಮೂಲಕ ಹೋಗುವ ನಡುಕವಾದರೂ ಕಡಿಮೆಯಾಗುತ್ತದೆ. ಮೂಲೆಯಿಂದ ಹೊರತೆಗೆದು ಕಿವಿಗೆ ಹತ್ತಿರ ಇಟ್ಟುಕೊಂಡರೆ ಗುಬುಟಿಯನ್ನು ಸಾಕಷ್ಟು ಇಳಿಸಿಯೂ ನಿಮಗೆ ಅಷ್ಟೇ ಕೇಳಿಸುತ್ತದೆ. ರಾತ್ರಿ ಮಾತ್ರ ಅದರ ಗುಬುಟಿ ಸೊನ್ನೆಯಲ್ಲಿರಲಿ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಮೌಸ್ ಆಡಿಸಿದರೆ ಚಿರ್ ಚಿರ್ ಎನ್ನುತ್ತದೆ. ಸ್ಪೀಕರ್ ಬದಲಿಸಿಕೊಡಲು ಅಂಗಡಿಯವರು ಒಪ್ಪುತ್ತಿಲ್ಲ.
— ಗೃಹಿಣಿ, ಆನ್‌ಲೈನ್ ಸಂಗೀತ ಶಿಕ್ಷಕಿ

ಉತ್ತರ: ಈ ಬಾರಿ ಅಂಗಡಿಯವರ ಪಕ್ಷ ವಹಿಸಬೇಕಾಗಿದೆ, ಬದಲಿಸಿಕೊಟ್ಟರೂ ಸದ್ದು ಹಾಗೇ ಉಳಿಯುವ ಸಂಭವವೇ ಹೆಚ್ಚು. ಚಾರ್ಜರ್ ಹಾಕಿದೊಡನೆ ಶುರುವಾಗುತ್ತದೆ ಎಂಬ ನಿಮ್ಮ ಗಮನಿಕೆಯಲ್ಲೇ ಕಾರಣ ಸಿಕ್ಕಿತು. ಲ್ಯಾಪ್‌ಟಾಪ್ ತನ್ನ ಚಾರ್ಜರಿನ ಮೂಲಕ, ಸ್ಪೀಕರ್ ತನ್ನ ಪ್ಲಗ್ಗಿನ ಮೂಲಕ ಗೋಡೆಯ ವಿದ್ಯುತ್ತಿಗೆ ಸೇರಿವೆ. ಇವೆರಡರ ನಡುವೆ ಆಡಿಯೊ ಕೇಬಲ್ ಹಾಕಿದಾಗ ಒಂದು ಸುತ್ತು ಪೂರ್ಣವಾಗಿ, ಬೇಡದ ಪುಟ್ಟ ವಿದ್ಯುತ್ತು ಆ ಕೇಬಲ್ಲಿನಲ್ಲಿ ಹರಿಯುತ್ತದೆ. ಸ್ಪೀಕರ್ ಅದನ್ನೂ ಹಾಡೆಂದೇ ತಿಳಿದು ಹಿಗ್ಗಿಸಿ ಕೇಳಿಸುತ್ತದೆ. ಮೌಸ್ ಆಡಿಸಿದಾಗಿನ ಚಿರ್ ಚಿರ್ ಕಂಪ್ಯೂಟರಿನೊಳಗಿನ ವಿದ್ಯುತ್ತಿನ ಏರಿಳಿತ.

ಮೊದಲು ಖರ್ಚಿಲ್ಲದ ಪರಿಹಾರ: ಎರಡರ ಪ್ಲಗ್ಗುಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆರಳುದ್ದದ ಸಾಧನವೊಂದು ಸಿಗುತ್ತದೆ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು, ತಂತಿಗೆ ತಂತಿ ತಾಗದಂತೆ ಹಾಡನ್ನು ಮಾತ್ರ ದಾಟಿಸುತ್ತದೆ. ಆಡಿಯೊ ಕೇಬಲ್ಲಿನ ನಡುವೆ ಸಿಕ್ಕಿಸಿದರಾಯಿತು. ತೀರ ಅಗ್ಗದ ಐಸೊಲೇಟರುಗಳು ಮಂದ್ರವನ್ನು ಸ್ವಲ್ಪ ನುಂಗುತ್ತವೆ, ಪಾಠ ಹೇಳುವುದಕ್ಕೆ ಅಡ್ಡಿಯಿಲ್ಲ. ಸ್ಪೀಕರಿನಲ್ಲಿ ಆಪ್ಟಿಕಲ್ ಕಿಂಡಿ ಇದ್ದು ಕಂಪ್ಯೂಟರಿನಲ್ಲೂ ಇದ್ದರೆ ಬೆಳಕಿನಲ್ಲಿ ಸಾಗುವ ಆ ದಾರಿಗೆ ಗುಂಯ್‌ಗುಡುವಿಕೆ ಅಂಟುವುದೇ ಇಲ್ಲ. ಆದರೆ ಒಂದು ಮಾತು: ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಸದ್ದು ಹೋಗುವುದು ನಿಜ, ಅದರ ಜೊತೆಗೆ ಶಾಕ್‌ನಿಂದ ನಿಮ್ಮನ್ನು ಕಾಯುವ ತಂತಿಯೂ ಹೋಗುತ್ತದೆ. ಅದನ್ನು ಎಂದಿಗೂ ಮಾಡಬೇಡಿ.

ಗುಂಯ್ ಅಲ್ಲದ, ಬರಿಯ ಸುಯ್ ಸದ್ದು ಉಳಿದರೆ ಕಂಪ್ಯೂಟರಿನ ವಾಲ್ಯೂಮನ್ನು ಪೂರ್ತಿಯ ಹತ್ತಿರಕ್ಕೆ ಏರಿಸಿ ಸ್ಪೀಕರಿನ ಗುಬುಟಿಯನ್ನು ಇಳಿಸಿಕೊಳ್ಳಿ. ಅನೇಕರು ಇದರ ತಿರುವುಮುರುವು ಮಾಡಿರುತ್ತಾರೆ.

ಪ್ರಶ್ನೆ: ವೈರಿನ ಗೋಜಲು ಬೇಡವೆಂದು ಬ್ಲೂಟೂತ್ ಸ್ಪೀಕರನ್ನೇ ಕಂಪ್ಯೂಟರಿಗೂ ಬಳಸಬಹುದೇ? ಆಟ ಆಡುವಾಗ ಶಬ್ದ ತಡವಾಗಿ ಬರುತ್ತದೆ ಎನ್ನುತ್ತಾರೆ.
— ಹೈಸ್ಕೂಲ್ ವಿದ್ಯಾರ್ಥಿ

ಉತ್ತರ: ಹಾಡಿಗೆ, ಪಾಠಕ್ಕೆ ಧಾರಾಳವಾಗಿ ಬಳಸಿ. ಬ್ಲೂಟೂತ್‌ನಲ್ಲಿ ಶಬ್ದವನ್ನು ಕುಗ್ಗಿಸಿ, ಕಳಿಸಿ, ಮತ್ತೆ ಹಿಗ್ಗಿಸುವಷ್ಟರಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಭಾಗ ಕಳೆದಿರುತ್ತದೆ. ಸಿನಿಮಾ ತೋರಿಸುವ ತಂತ್ರಾಂಶಗಳಲ್ಲಿ ಅನೇಕವು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿತೂಗಿಸುತ್ತವೆ. ಆಟಕ್ಕೆ ಹಾಗೆ ಮಾಡುವಂತಿಲ್ಲ; ನೀನು ಗುಂಡಿ ಒತ್ತುವುದು ಯಾವಾಗ ಎಂದು ಅದಕ್ಕೆ ಮುಂಚೆ ಗೊತ್ತಿರುವುದಿಲ್ಲ. ಆಟಕ್ಕೂ ಕೀಬೋರ್ಡ್ ವಾದ್ಯ ನುಡಿಸುವುದಕ್ಕೂ ವೈರೇ ಬೇಕು. ಸ್ಪೀಕರಿನಲ್ಲಿ ಎರಡೂ ಇರುವಂಥದ್ದನ್ನು ನೋಡಿಕೊಂಡು ಕೊಳ್ಳು.

ಪ್ರಶ್ನೆ: ಚಿನ್ನದ ಲೇಪದ ಕೇಬಲ್, ಹೊರಗಿನಿಂದ ಹಾಕುವ ಸೌಂಡ್‌ಕಾರ್ಡ್, ಇವುಗಳಿಗೂ ಸ್ವಲ್ಪ ಹಣ ತೆಗೆದಿಡಬೇಕೇ?
— ಹೆಸರು ಬರೆಯದ ಓದುಗರು

ಉತ್ತರ: ಬೇಡ. ಆ ಹಣವನ್ನೂ ಸ್ಪೀಕರಿಗೇ ಸೇರಿಸಿ. ಕಂಪ್ಯೂಟರಿನ ಕಿಂಡಿ ಸದ್ದು ಮಾಡುತ್ತಿದ್ದರೆ ಮಾತ್ರ ಅತಿ ಅಗ್ಗದ ಯುಎಸ್‌ಬಿ ಸೌಂಡ್‌ಕಾರ್ಡ್ ಒಂದನ್ನು ಹಾಕಿ ನೋಡಬಹುದು.

ಪ್ರಶ್ನೆ: ಮನೆಯಲ್ಲಿ ಅಣ್ಣ ಬಳಸುತ್ತಿದ್ದ ಹಳೆಯ ಮ್ಯೂಸಿಕ್ ಸಿಸ್ಟಮ್‌ನ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳಿವೆ, ಆಂಪ್ಲಿಫೈಯರ್ ಸುಟ್ಟಿದೆ. ಹೊಸದು ಕೊಳ್ಳುವ ಬದಲು ಇವನ್ನೇ ಕಂಪ್ಯೂಟರಿಗೆ ಹಚ್ಚಬಹುದೇ?
— ಖಾಸಗಿ ಸಂಸ್ಥೆಯ ನೌಕರರು

ಉತ್ತರ: ಈ ಕಂತಿನ ಪತ್ರಗಳಲ್ಲೆಲ್ಲ ಅತ್ಯಂತ ಅಗ್ಗದಲ್ಲಿ ಅತ್ಯಂತ ಒಳ್ಳೆಯ ಶಬ್ದ ಸಿಗುವ ಅದೃಷ್ಟ ನಿಮ್ಮದಾಗಬಹುದು. ಮರದ ಪೆಟ್ಟಿಗೆ, ಐದಾರು ಅಂಗುಲದ ಕೋನ್ ಇವು ಹೊಸ ಅಗ್ಗದ ಸೆಟ್‌ಗಳಲ್ಲಿ ಕನಸಿನ ಮಾತು. ಐದು ಅಂಗುಲದ ಕೋನ್ ತಳ್ಳುವ ಹರವು ಮೂರು ಅಂಗುಲದ್ದಕ್ಕಿಂತ ಎರಡೂಮುಕ್ಕಾಲು ಪಟ್ಟು ಹೆಚ್ಚು.

ಮೊದಲು ಮುಂದಿನ ಬಟ್ಟೆಯ ಜಾಲರಿ ತೆಗೆದು ಕೋನ್‌ನ ಸುತ್ತಲ ಅಂಚನ್ನು ನೋಡಿ. ರಬ್ಬರ್ ಆಗಿದ್ದರೆ ಬಹುಕಾಲ ಬಾಳುತ್ತದೆ. ಸ್ಪಂಜಿನ ಅಂಚಾದರೆ ವರ್ಷಗಳು ಕಳೆದಂತೆ ಅದು ಬೆರಳು ಸೋಕಿದರೆ ಪುಡಿಯಾಗುವ ಹಂತಕ್ಕೆ ಬಂದಿರುತ್ತದೆ. ಅಂಚನ್ನು ಮಾತ್ರ ಬದಲಿಸುವ ರಿಪೇರಿಯವರು ಇದ್ದಾರೆ, ಕೋನ್ ಎಸೆಯಬೇಡಿ. ಎರಡೂ ಬದಿಗೆ ಬೆರಳುಗಳನ್ನು ಇಟ್ಟು ಕೋನ್ ಅನ್ನು ಸಮನಾಗಿ, ಮೆಲ್ಲಗೆ ಒಳಗೊತ್ತಿ. ಮೆತ್ತಗೆ ಹೋಗಿ ಮರಳಿದರೆ ಸರಿ. ಮರಳು ಉಜ್ಜಿದಂತೆ ಗರಗರ ಎಂದರೆ ಒಳಗಿನ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ. ಆಮೇಲೆ ಒಂದೂವರೆ ವೋಲ್ಟ್‌ನ ಒಂದು ಸೆಲ್ ತೆಗೆದುಕೊಂಡು ಅದರ ಎರಡು ತುದಿಗಳನ್ನು ಸ್ಪೀಕರಿನ ಎರಡು ತಂತಿಗಳಿಗೆ ಕ್ಷಣಮಾತ್ರ ತಾಗಿಸಿ. ಟಕ್ ಎಂದರೆ ಜೀವವಿದೆ. ಕೋನ್ ಮುಂದಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿಗೆ ತಾಗಿದ ತಂತಿಯೇ ಧನ ತಂತಿ. ಎರಡೂ ಪೆಟ್ಟಿಗೆಗಳಲ್ಲಿ ಅದಕ್ಕೆ ಗುರುತು ಹಾಕಿಡಿ. ಒಂದರಲ್ಲಿ ತಂತಿ ಅದಲುಬದಲಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಮಂದ್ರವೆಲ್ಲ ಕರಗಿಹೋಗುತ್ತದೆ, ಹಾಡುಗಾರರು ಎಲ್ಲಿ ನಿಂತಿದ್ದಾರೆಂದೇ ತಿಳಿಯುವುದಿಲ್ಲ. ಹೊಸ ಸ್ಪೀಕರ್‌ಗಳನ್ನು ಜೋಡಿಸುವಾಗಲೂ ಈ ತಪ್ಪು ನಡೆಯುತ್ತಿರುತ್ತದೆ.

ಪೆಟ್ಟಿಗೆಯ ಹಿಂದೆ 4 ಓಮ್ ಅಥವಾ 8 ಓಮ್ ಎಂದು ಬರೆದಿರುತ್ತದೆ, ಅದು ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಅದಕ್ಕೆ ಹೊಂದುವ, ಕ್ಲಾಸ್ ಡಿ ಎಂಬ, ವಿದ್ಯುತ್ತನ್ನು ಕಡಿಮೆ ಪೋಲು ಮಾಡುವ ಬಗೆಯ ಅಂಗೈಯಗಲದ ಆಂಪ್ಲಿಫೈಯರ್ ಒಂದನ್ನು ಕೊಂಡರೆ ಸಾಕು. ಅದರ ಅಂಕಿಗಳ ಬಗ್ಗೆ ಮೊದಲ ಉತ್ತರದಲ್ಲಿ ಹೇಳಿದ ಎಚ್ಚರವೇ ಇಲ್ಲಿಗೂ ಅನ್ವಯಿಸುತ್ತದೆ: ಜೊತೆಗೆ ಬರುವ ಅಡಾಪ್ಟರಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ನೋಡಿ, ಆಂಪ್ಲಿಫೈಯರ್ ಕೊಡಬಲ್ಲದ್ದು ಅದಕ್ಕಿಂತ ಕಡಿಮೆಯೇ. 12 ವೋಲ್ಟ್, 3 ಆಂಪಿಯರ್ ಎಂದರೆ 36 ವಾಟ್. ಮುಚ್ಚಳದ ಮೇಲೆ 100 ಎಂದು ಬರೆದಿದ್ದರೂ ಅಷ್ಟೇ. ಮೇಜು ಚಿಕ್ಕದಾದರೆ ಪೆಟ್ಟಿಗೆಗಳನ್ನು ಮೇಜಿನ ಅಕ್ಕಪಕ್ಕ ಕಿವಿಯೆತ್ತರದ ಸ್ಟೂಲುಗಳ ಮೇಲೆ ಇಡಬಹುದು.

ನಾನು ಬಹಳ ಹಿಂದೆ ಉತ್ಸಾಹದಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ 5.1 ಸೆಟ್ಟೊಂದನ್ನು ಇಂಥದೇ ಕೋಣೆಗೆ ತಂದಿದ್ದೆ. ಹಿಂಬದಿಯ ಎರಡು ಪೆಟ್ಟಿಗೆಗಳಿಗೆ ಜಾಗ ಸಿಗದೆ ಅವು ಬೀರುವಿನ ಮೇಲೆ, ಸೂರಿನ ಕಡೆ ಮುಖ ಮಾಡಿಕೊಂಡು ಮೂರು ವರ್ಷ ಧೂಳು ತಿಂದವು. ಕೊನೆಗೆ ನೆಮ್ಮದಿ ಕೊಟ್ಟದ್ದು ನಿಮ್ಮಲ್ಲಿರುವಂಥದೇ ಹಳೆಯ ಜೋಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ಕಂಪ್ಯೂಟರಿನಲ್ಲಿ ಪ್ರವಚನ, ನಾಟಕ ಕೇಳುತ್ತಾರೆ. ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಜೋರಾಗಿಟ್ಟರೆ ನಮಗೆ ಕಷ್ಟ. ಅವರಿಗೆ ದೊಡ್ಡ ಸ್ಪೀಕರ್ ಕೊಡಿಸಬೇಕೇ?
— ಮಗಳು

ಉತ್ತರ: ಬೇಡಮ್ಮ, ದೊಡ್ಡದು ಕೊಡಿಸಿದರೆ ಅವರ ಕಷ್ಟ ಹೆಚ್ಚೀತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ಮಾತಿನಲ್ಲಿ ಸ್ವರಾಕ್ಷರಗಳು ಕೆಳಗೂ, ಸ, ಶ, ತ, ಕ ಮುಂತಾದ ವ್ಯಂಜನಗಳು ಮೇಲೂ ಇರುತ್ತವೆ. ಮೇಲಿನದು ಕಳೆದುಹೋದಾಗ ಮಾತಿನ ಗದ್ದಲ ಕೇಳಿಸುತ್ತದೆ, ಪದ ಒಡೆಯುವುದಿಲ್ಲ. ನಿಮ್ಮ ತಂದೆಯವರು ಹೇಳಿರುವುದು ಅಕ್ಷರಶಃ ಸರಿ. ಬಾಸ್ ಹೆಚ್ಚಿರುವ ಸ್ಪೀಕರ್ ಆ ಗದ್ದಲವನ್ನೇ ಹೆಚ್ಚಿಸಿ ಉಳಿದ ವ್ಯಂಜನಗಳನ್ನೂ ಮುಚ್ಚುತ್ತದೆ.

ಇರುವ ಚಿಕ್ಕ ಸ್ಪೀಕರ್‌ಗಳನ್ನೇ ಅವರ ಕಡೆಗೆ ಎರಡಡಿ ದೂರಕ್ಕೆ ತನ್ನಿ, ಮುಖ ನೇರವಾಗಿ ಕಿವಿಯ ಕಡೆಗಿರಲಿ. ಬಾಸ್ ಪೂರ್ತಿ ಇಳಿಸಿ, ಈಕ್ವಲೈಸರಿನಲ್ಲಿ 2,000ದಿಂದ 4,000 ಹರ್ಟ್ಜ್ ನಡುವಿನದನ್ನು ಮೂರು ನಾಲ್ಕು ಡೆಸಿಬಲ್ ಏರಿಸಿ. ಒಂದು ಕಿವಿ ಹೆಚ್ಚು ಮಂದವಾಗಿದ್ದರೆ ವಿಂಡೋಸ್‌ನಲ್ಲೂ ಫೋನುಗಳಲ್ಲೂ ಮೋನೊ ಆಡಿಯೊ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಎಡ ಬಲ ಎರಡರಲ್ಲೂ ಒಂದೇ ಶಬ್ದ ಬಂದು, ನಾಟಕದಲ್ಲಿ ಒಂದು ಬದಿಯ ಪಾತ್ರ ಮಾತ್ರ ಮೂಕವಾಗುವುದು ತಪ್ಪುತ್ತದೆ. ಇಷ್ಟು ಮಾಡಿದ ಮೇಲೂ ಮಾತು ತಿಳಿಯದಿದ್ದರೆ ಸ್ಪೀಕರಿನ ಅಂಗಡಿಗಿಂತ ಮೊದಲು ಅವರನ್ನು ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋಗಿ.